ಮುಖ ಕಾಣುವ ಕ್ಯಾಮೆರಾ, ಕರೆಂಟು ಹೋದಾಗ ಸರಿಯಾಗಿ ನಡೆದುಕೊಳ್ಳುವ ಬಾಗಿಲು

ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಿಂದ ಬೈಕ್ ಕಳುವಾದ ಮಾರನೆಯ ಬೆಳಿಗ್ಗೆ ಸಂಘದವರು ರೆಕಾರ್ಡಿಂಗ್ ತೆಗೆದು ನೋಡಿದಾಗ ಬಹಳ ಸಲ ಕಾಣುವುದಿಷ್ಟು: ರಾತ್ರಿ ಎರಡೂವರೆಗೆ ಒಬ್ಬ ಒಳಗೆ ಬಂದ, ಬೈಕ್ ತಳ್ಳಿಕೊಂಡು ಹೋದ. ಮುಖವಿರಬೇಕಾದ ಜಾಗದಲ್ಲಿ ಬಿಳಿ ಮಚ್ಚೆ, ನಂಬರ್ ಪ್ಲೇಟ್ ಇರಬೇಕಾದಲ್ಲಿ ಹೊಳೆಯುವ ಚೌಕ. ಕ್ಯಾಮೆರಾ ಕೆಟ್ಟಿರುವುದಿಲ್ಲ, ಎಲ್ಲವೂ ರೆಕಾರ್ಡ್ ಆಗಿರುತ್ತದೆ. ತಪ್ಪಾಗಿರುವುದು ಖರೀದಿಯ ಮೊದಲ ದಿನ, ‘ಎಂಟು ಕ್ಯಾಮೆರಾಕ್ಕೆ ಎಷ್ಟಾಗುತ್ತೆ?’ ಎಂದು ಕೇಳಿದಾಗ.

ಮೊದಲು ಕೇಳಬೇಕಾದ್ದು, ಪ್ರತಿ ಕ್ಯಾಮೆರಾ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು. ‘ಯಾರು ಬಂದರು’, ‘ಏನು ನಡೆಯಿತು’, ‘ಯಾವ ಗಾಡಿ’. ಈ ಮೂರಕ್ಕೂ ಲೆನ್ಸ್ ಬೇರೆ, ಎತ್ತರ ಬೇರೆ. ಒಂದೇ ಕ್ಯಾಮೆರಾದಿಂದ ಮೂರನ್ನೂ ತೆಗೆಯಲು ಹೋದರೆ ಮೂರೂ ಕೈಕೊಡುತ್ತವೆ.

ಬೆಂಗಳೂರಿನ ಬಡಾವಣೆಗಳಲ್ಲಿ ಎಲ್ಲೆಲ್ಲೂ ಕಾಣುವ ಕಟ್ಟಡವನ್ನೇ ತೆಗೆದುಕೊಳ್ಳೋಣ: ಹದಿನಾರು ಮನೆ, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಒಂದು ದೊಡ್ಡ ಗೇಟು, ಪಕ್ಕದಲ್ಲಿ ಜನ ಓಡಾಡುವ ಚಿಕ್ಕ ಗೇಟು. ಕಣ್ಗಾವಲು ಕ್ಯಾಮೆರಾಗಳಿಗೆಂದು ಯುರೋಪ್ ಮಾಡಿದ 2015ರ ಇಎನ್ 62676-4 ಮಾನದಂಡದ ಪ್ರಕಾರ ಅಪರಿಚಿತನ ಮುಖ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಪರಿಚಯದವರನ್ನು ‘ಇವನೇ’ ಎನ್ನಲು 125 ಸಾಕು. ಯಾರೋ ಇದ್ದಾರೆ ಎಂದಷ್ಟೇ ತಿಳಿಯಲು 25. ಈಗ ಲೆಕ್ಕ ಹಾಕಿ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 2560 ಪಿಕ್ಸೆಲ್. ಅಂಗಡಿಯವರು ಕಣ್ಣುಮುಚ್ಚಿ ಕೊಡುವ 2.8 ಮಿ.ಮೀ. ಲೆನ್ಸ್ ಸುಮಾರು 100 ಡಿಗ್ರಿ ನೋಡುತ್ತದೆ. ಅದರಲ್ಲಿ ಮುಖ ಗುರುತು ಸಿಗುವುದು ನಾಲ್ಕು ಮೀಟರಿನವರೆಗೆ ಮಾತ್ರ. ಅದೇ ಕ್ಯಾಮೆರಾಕ್ಕೆ 6 ಮಿ.ಮೀ. ಲೆನ್ಸ್ ಹಾಕಿಸಿದರೆ ನೋಟ ಅರ್ಧಕ್ಕಿಳಿಯುತ್ತದೆ, ಮುಖ ಹತ್ತು ಮೀಟರಿನವರೆಗೆ ಸಿಗುತ್ತದೆ. ಎರಡರ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೇಳುವವರಿಲ್ಲದ್ದರಿಂದ ಎಲ್ಲ ಕಡೆಗೂ 2.8 ಬಂದು ಕೂರುತ್ತದೆ.

ಹಾಗಾಗಿ ಚಿಕ್ಕ ಗೇಟಿಗೆ 6 ಮಿ.ಮೀ.ನದು ಒಂದು. ಲಿಫ್ಟ್ ಮುಂದೆ 2.8, ಅಲ್ಲಿ ಜನ ಹತ್ತಿರವೇ ನಿಲ್ಲುತ್ತಾರೆ. ಪಾರ್ಕಿಂಗ್‌ಗೆ 4 ಮಿ.ಮೀ.ನವು ಮೂರು, ಒಂದರ ಬೆನ್ನನ್ನು ಇನ್ನೊಂದು ನೋಡುವಂತೆ. ತಾರಸಿ ಬಾಗಿಲಿಗೊಂದು, ಮೀಟರ್ ಬೋರ್ಡ್ ಮತ್ತು ಪಂಪಿನ ಕಡೆಗೊಂದು. ಎಂಟನೆಯದು ನಂಬರ್ ಪ್ಲೇಟಿಗೇ ಮೀಸಲು. ಈಗಿನ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟುಗಳು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುತ್ತವೆ. ರಾತ್ರಿ ಕ್ಯಾಮೆರಾ ಬೀರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿದ್ದೊಡನೆ ಪ್ಲೇಟು ಬೆಳ್ಳಗಾಗುವುದು ಅದಕ್ಕೇ. ಆ ಕ್ಯಾಮೆರಾದ ಶಟರ್ ವೇಗವನ್ನು 1/500 ಸೆಕೆಂಡ್ ಅಥವಾ ಅದಕ್ಕಿಂತ ಚುರುಕಾಗಿ ಇಟ್ಟು, ಗಾಡಿ ಬರುವ ದಾರಿಗೆ 30 ಡಿಗ್ರಿ ಮೀರದಂತೆ ತಿರುಗಿಸಬೇಕು. ಉಳಿದ ಚಿತ್ರವೆಲ್ಲ ಕಪ್ಪಾಗುತ್ತದೆ, ಆಗಲಿ.

ಎತ್ತರದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಕೈಗೆ ಸಿಗಬಾರದೆಂದು ಹದಿನೈದು ಅಡಿ ಮೇಲೆ ಹಾಕಿದರೆ ಸಿಗುವುದು ಟೋಪಿ ಮತ್ತು ತಲೆಗೂದಲು. ಮುಖ ನೋಡುವ ಕ್ಯಾಮೆರಾ ಎಂಟರಿಂದ ಒಂಬತ್ತು ಅಡಿಯಲ್ಲಿರಬೇಕು. ಒಡೆಯುತ್ತಾರೆಂಬ ಭಯವಿದ್ದರೆ ಪೆಟ್ಟು ತಾಳುವ ಐಕೆ10 ಗುರುತಿನ ಗಟ್ಟಿ ಡೋಮ್ (ಅರೆಗೋಳದ ಮುಚ್ಚಳದ ಕ್ಯಾಮೆರಾ) ತೆಗೆದುಕೊಳ್ಳಿ. ಮಳೆಗೆ ಸಿಕ್ಕುವ ಕಡೆ ಮಾತ್ರ ಕೊಳವೆಯಾಕಾರದ ಬುಲೆಟ್ ಕ್ಯಾಮೆರಾ ಒಳ್ಳೆಯದು, ಏಕೆಂದರೆ ಡೋಮಿನ ಗಾಜಿನ ಮೇಲೆ ಧೂಳು, ಹನಿ ಕೂತರೆ ರಾತ್ರಿ ಕ್ಯಾಮೆರಾದ್ದೇ ಬೆಳಕು ಚೆದುರಿ ಚಿತ್ರ ಮಂಜಾಗುತ್ತದೆ. ರಾತ್ರಿ ಕ್ಯಾಮೆರಾದ ಸುತ್ತ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ. ತಿಂಗಳಿಗೊಮ್ಮೆ ಬಲೆ ತೆಗೆಯುವ ಕೆಲಸವನ್ನು ಯಾರಿಗಾದರೂ ಹೆಸರಿಟ್ಟು ಒಪ್ಪಿಸಿ. ಪಾರ್ಕಿಂಗ್‌ನಲ್ಲಿ ರಾತ್ರಿಯಿಡೀ ಉರಿಯುವ ಎರಡು ಎಲ್‌ಇಡಿ ಬಲ್ಬು ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚು ಉಪಕಾರ ಮಾಡುತ್ತವೆ. ಬಟ್ಟೆಯ ಬಣ್ಣ ತಿಳಿಯುವುದು ಆ ಬೆಳಕಿನಲ್ಲೇ.

ಕೇಬಲ್‌ನಲ್ಲಿ ಉಳಿಸಲು ಹೋಗಬೇಡಿ. ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಂದು ಮಾರುವುದರಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದೂ ಇರುತ್ತದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. ಅದು ಮಡಿಚಿದಲ್ಲಿ ಮುರಿಯುತ್ತದೆ, ಉದ್ದ ಹೆಚ್ಚಾದಂತೆ ವೋಲ್ಟೇಜ್ ಕಳೆದುಕೊಳ್ಳುತ್ತದೆ. ಒಳ್ಳೆಯ ತಾಮ್ರದ್ದಾದರೂ 90 ಮೀಟರಿಗೆ ನಿಲ್ಲಿಸಿ. ಒಂದೇ ಕೇಬಲಿನಲ್ಲಿ ಚಿತ್ರವನ್ನೂ ಕರೆಂಟನ್ನೂ ಸಾಗಿಸುವ ಪಿಒಇ ಸ್ವಿಚ್ಚಿನಲ್ಲಿ ಎಂಟು ಪೋರ್ಟ್ ಇದ್ದರೆ ಸಾಲದು, ಅದು ಒಟ್ಟಾರೆ ಕೊಡಬಲ್ಲ ವ್ಯಾಟ್ ನೋಡಬೇಕು. ರಾತ್ರಿ ಒಂದೊಂದು ಕ್ಯಾಮೆರಾ ಏಳು ವ್ಯಾಟ್ ಎಳೆದರೆ ಎಂಟಕ್ಕೆ 56. ಸ್ವಿಚ್ಚಿನ ಮಿತಿ 60 ಇದ್ದರೆ ಅಂಚಿನ ಮೇಲೆ ನಡೆದಂತೆ, 96 ಅಥವಾ 120ರದ್ದು ತೆಗೆದುಕೊಳ್ಳಿ. ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ಸಂಜೆ ಆರೂವರೆಗೆ ಆಫ್ ಆಗಿ ಆನ್ ಆಗುತ್ತಿದ್ದರೆ ಕ್ಯಾಮೆರಾ ಬದಲಿಸುವ ಮುನ್ನ ಇದನ್ನು ನೋಡಿ: ಆ ಹೊತ್ತಿಗೆ ರಾತ್ರಿಯ ಬೆಳಕು ಹತ್ತುತ್ತದೆ, ಕರೆಂಟು ಸಾಲದೆ ಹೋಗುತ್ತದೆ. ಹೊರಗಿನ ಕನೆಕ್ಟರ್‌ಗೆ ಟೇಪು ಸುತ್ತಿ ಗೋಡೆಗೆ ಬಿಟ್ಟರೆ ಒಂದು ಮಳೆಗಾಲ ಬಾಳಿದರೆ ಹೆಚ್ಚು, ಪಿನ್ನು ಹಸಿರುಗಟ್ಟುತ್ತದೆ. ಅದು ಜಂಕ್ಷನ್ ಬಾಕ್ಸಿನೊಳಗೆ ಇರಬೇಕು. ಕೇಬಲ್ ತುಸು ಕೆಳಗೆ ಜೋತುಬಿದ್ದು, ಮತ್ತೆ ಮೇಲೇರಿ ಬಾಕ್ಸಿನ ಕೆಳಗಿನಿಂದ ಒಳಹೋಗಬೇಕು, ಆಗ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಸಂಗ್ರಹದ ಲೆಕ್ಕ ಸುಲಭ. ವಿಡಿಯೊ ಕುಗ್ಗಿಸುವ ಎಚ್.265 ವಿಧಾನದಲ್ಲಿ ಪ್ರತಿ ಕ್ಯಾಮೆರಾಕ್ಕೆ 2 ಎಂಬಿಪಿಎಸ್ ಇಟ್ಟರೆ ದಿನಕ್ಕೆ 21.6 ಜಿಬಿ, ಎಂಟಕ್ಕೆ ಮೂವತ್ತು ದಿನ ಅಂದರೆ ಸುಮಾರು 5.2 ಟಿಬಿ. ಕಣ್ಗಾವಲಿಗೆಂದೇ ಮಾಡಿದ 6 ಟಿಬಿ ಹಾರ್ಡ್ ಡಿಸ್ಕ್ ಸಾಕು. ಕಂಪ್ಯೂಟರಿನ ಡಿಸ್ಕ್ ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ತಾಳುವುದಿಲ್ಲ. ಜನ ಹೆಚ್ಚು ಸೇರುವ ಸಂಸ್ಥೆಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆ ವಿಧಿಸುವುದೂ 30 ದಿನದ ಸಂಗ್ರಹವನ್ನೇ. ಎಲ್ಲ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆಯಾದ ಎನ್‌ವಿಆರ್ ಅನ್ನು ವಾಚ್‌ಮನ್ ಕೋಣೆಯ ಮೇಜಿನ ಮೇಲೆ ಇಟ್ಟರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಗಾಳಿಯಾಡುವ, ಬೀಗವಿರುವ ರ‍್ಯಾಕ್ ಬೇಕು. ಸಣ್ಣ ಯುಪಿಎಸ್ ಅರ್ಧ ಗಂಟೆ ಎಳೆದರೆ ದೊಡ್ಡದು. ಬೇಸಿಗೆಯ ಕರೆಂಟ್ ಕಡಿತಕ್ಕೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ರಾತ್ರಿ ಕಳೆಯಬಹುದು.

ಎನ್‌ವಿಆರ್‌ನಲ್ಲಿ ಇಂಟರ್‌ನೆಟ್‌ನಿಂದ ಸಮಯ ಹೊಂದಿಸುವ ಎನ್‌ಟಿಪಿ ಚಾಲೂ ಮಾಡಿ ಗಡಿಯಾರ ಸರಿಯಿಡಿ. ಇಪ್ಪತ್ತು ನಿಮಿಷ ಹಿಂದಿರುವ ಗಡಿಯಾರ ಪೊಲೀಸರನ್ನು ದಾರಿ ತಪ್ಪಿಸುತ್ತದೆ. ಘಟನೆಯಾದ ದಿನವೇ ತುಣುಕನ್ನು ಪ್ರತಿ ಮಾಡಿಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಕಡತದ ಹ್ಯಾಷ್ ಮೌಲ್ಯವೂ (ಕಡತ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ವಿಡಿಯೊ ಕುಗ್ಗುತ್ತದೆ, ಹ್ಯಾಷ್ ಬದಲಾಗುತ್ತದೆ. ಪೆನ್ ಡ್ರೈವ್‌ನಲ್ಲೇ ಕೊಡಿ. ಪಾಸ್‌ವರ್ಡನ್ನು ಅಳವಡಿಸಿದವರ ಕೈಯಿಂದ ಸಂಘದ ಕೈಗೆ ಅಂದೇ ಬದಲಿಸಿಕೊಳ್ಳಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ದಾಳಿ ಲಕ್ಷಾಂತರ ಸಾಧನಗಳಿಗೆ ನುಗ್ಗಿದ್ದು ಯಾರೂ ಬದಲಿಸದ ಕಾರ್ಖಾನೆಯ ಪಾಸ್‌ವರ್ಡಿನಿಂದ, ಅವುಗಳಲ್ಲಿ ಕ್ಯಾಮೆರಾ, ಡಿವಿಆರ್‌ಗಳೇ ಬಹಳ. ಇಂಟರ್‌ನೆಟ್‌ನಿಂದ ನೇರ ಒಳಬರುವಂತೆ ರೂಟರಿನಲ್ಲಿ ಪೋರ್ಟ್ ತೆರೆದಿಡಬೇಡಿ. ಪಕ್ಕದ ಮನೆಯ ಕಿಟಕಿ ಚೌಕಟ್ಟಿಗೆ ಬಂದರೆ ಪ್ರೈವೆಸಿ ಮಾಸ್ಕ್ ಹಾಕಿ ಮುಚ್ಚಿ.

ಇನ್ನು ಲಾಬಿಯ ಗಾಜಿನ ಬಾಗಿಲು. ಇಲ್ಲಿನ ಮೊದಲ ಪ್ರಶ್ನೆ, ಕರೆಂಟು ಹೋದಾಗ ಅದು ತೆರೆದುಕೊಳ್ಳಬೇಕೋ ಮುಚ್ಚಿಕೊಳ್ಳಬೇಕೋ? ಜನ ಹೊರಬರುವ ದಾರಿಯಲ್ಲಿ ಉತ್ತರ ಒಂದೇ, ತೆರೆದುಕೊಳ್ಳಬೇಕು. ಅದಕ್ಕೇ ಇಎಂ ಲಾಕ್, ಅಂದರೆ ಕರೆಂಟು ಇರುವವರೆಗೆ ಮಾತ್ರ ಹಿಡಿದುಕೊಳ್ಳುವ ಅಯಸ್ಕಾಂತದ ಬೀಗ. 600 ಪೌಂಡಿನದು ಸುಮಾರು 270 ಕಿಲೋ ಎಳೆತ ತಡೆಯುತ್ತದೆ, 12 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್ ತಿನ್ನುತ್ತದೆ. ಒಳಗಡೆ ಎಕ್ಸಿಟ್ ಬಟನ್ ಜೊತೆಗೆ ಗಾಜು ಒಡೆಯುವ ತುರ್ತು ಪೆಟ್ಟಿಗೆಯೂ ಬೇಕು. ಬೀಗದ ವಿದ್ಯುತ್ ತಂತಿಯೇ ಆ ಪೆಟ್ಟಿಗೆಯ ಮೂಲಕ ಹಾದುಹೋಗಬೇಕು. ಕಾರ್ಡು ಸರಿಯಿದ್ದರೆ ಬೀಗ ಬಿಡಿಸುವ ಕಂಟ್ರೋಲರಿಗೆ ಪೆಟ್ಟಿಗೆಯು ಸೂಚನೆಯಷ್ಟೇ ಕೊಡುವ ಹಾಗೆ ಜೋಡಿಸಿದರೆ, ಕಂಟ್ರೋಲರ್ ಸಿಕ್ಕಿಕೊಂಡ ದಿನ ಗಾಜು ಒಡೆದರೂ ಬಾಗಿಲು ಬಿಡುವುದಿಲ್ಲ. ಫೈರ್ ಅಲಾರಂ ಇದ್ದರೆ ಅದರ ರಿಲೇಯನ್ನೂ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚು) ಇದೇ ಸಾಲಿಗೆ ಸೇರಿಸಿ. ಇದರಲ್ಲಿ ರಾಜಿಯೇ ಇರಕೂಡದು.

ಬೀಗದ ಎದುರಿನ ಕಬ್ಬಿಣದ ಪಟ್ಟಿಯನ್ನು ಬಿಗಿಯಾಗಿ ತಿರುಗಿಸಿ ಕೂರಿಸುವುದು ಸಾಮಾನ್ಯ ತಪ್ಪು. ರಬ್ಬರ್ ವಾಷರ್ ಮೇಲೆ ಅದು ತುಸು ಅಲುಗಾಡಬೇಕು, ಆಗಲೇ ಪೂರ್ತಿ ಅಂಟುತ್ತದೆ. ಬೀಗದ ತಂತಿಗಳಿಗೆ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಹಾಕದಿದ್ದರೆ ಪ್ರತಿ ಸಲ ಆಫ್ ಆದಾಗ ಬರುವ ಹಿಮ್ಮೊಗದ ವೋಲ್ಟೇಜ್ ರಿಲೇಯನ್ನು ತಿನ್ನುತ್ತದೆ. ಕಾರ್ಡು ಓದುವ ರೀಡರಿನೊಳಗೇ ರಿಲೇ ಇರುವ ಅಗ್ಗದ ಯಂತ್ರವನ್ನು ಹೊರಗೋಡೆಗೆ ಹಾಕಬೇಡಿ. ಎರಡು ಸ್ಕ್ರೂ ಬಿಚ್ಚಿ ತಂತಿ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಹೊರಗೆ ರೀಡರ್ ಮಾತ್ರ, ಕಂಟ್ರೋಲರ್ ಒಳಗೆ. 125 ಕಿಲೋಹರ್ಟ್ಸ್‌ನ ಕಾರ್ಡು ನಿಮಿಷದಲ್ಲಿ ನಕಲಾಗುತ್ತದೆ, ಸುಲಭವಾಗಿ ನಕಲಾಗದ ಡೆಸ್‌ಫೈರ್ ಬಗೆಯದ್ದು ಕೇಳಿ. ಪಾತ್ರೆ ತೊಳೆದು ಬೆರಳು ಸವೆದವರ ಗುರುತನ್ನು ಬೆರಳಚ್ಚು ಯಂತ್ರ ಬಹಳ ಸಲ ಹಿಡಿಯುವುದಿಲ್ಲ. ಮನೆಗೆಲಸದವರನ್ನು ಬಾಗಿಲಲ್ಲಿ ನಿಲ್ಲಿಸಿ ಅವಮಾನಿಸದೆ ಅವರ ಹೆಸರಿಗೇ ಕಾರ್ಡು ಕೊಡಿ.

ಕೊನೆಯ ಕಂತಿನ ಹಣವನ್ನು ರಾತ್ರಿ ಪರೀಕ್ಷೆಯಾಗುವವರೆಗೆ ಹಿಡಿದಿಡಿ. ಹತ್ತು ಗಂಟೆಗೆ ಒಬ್ಬರು ಚಿಕ್ಕ ಗೇಟಿನಿಂದ ಟೋಪಿ ಹಾಕಿಕೊಂಡು ಬರಲಿ, ಇನ್ನೊಬ್ಬರು ಹೆಡ್‌ಲೈಟ್ ಹಾಕಿ ಗಾಡಿ ತರಲಿ. ಲೈವ್ ಬಿಟ್ಟು ರೆಕಾರ್ಡಿಂಗ್ ತೆಗೆದು ನೋಡಿ. ಆಮೇಲೆ ಮೇನ್ ಸ್ವಿಚ್ ಆರಿಸಿ ಕ್ಯಾಮೆರಾಗಳು ನಡೆಯುತ್ತಲೇ ಇವೆಯೇ ನೋಡಿ, ಬಾಗಿಲಿನ ಬೀಗಕ್ಕೆ ಬ್ಯಾಟರಿ ಇದ್ದರೆ ಅದರ ತಂತಿಯನ್ನೂ ಕಿತ್ತು ಲಾಬಿಯ ಒಳಗಿನಿಂದ ಬಾಗಿಲು ತಳ್ಳಿ ನೋಡಿ.