ಬಣ್ಣದ ಎಳೆ ಕದಡಿದ್ದು ಯಾಕೆ?

ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ. ನೀರು ಗಾಜಿನ ಕಡ್ಡಿಯ ಹಾಗೆ ನುಣುಪಾಗಿ ಇಳಿಯುತ್ತದೆ. ಇನ್ನಷ್ಟು ತಿರುಗಿಸಿದರೆ ಅದೇ ನೀರು ಒರಟಾಗಿ, ಸದ್ದು ಮಾಡುತ್ತಾ ಬೀಳುತ್ತದೆ. ಈ ನಡುವೆ ಏನಾಯಿತು?

ಮ್ಯಾಂಚೆಸ್ಟರ್‌ನ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಸ್‌ಬರ್ನ್ ರೆನಾಲ್ಡ್ಸ್ ಇದನ್ನು ಕಣ್ಣಾರೆ ನೋಡಲು ಹೊರಟರು. ಅವರ ಪ್ರಯೋಗದ ವಿವರ ಪ್ರಕಟವಾದದ್ದು 1883ರಲ್ಲಿ. ನೀರು ತುಂಬಿದ ಗಾಜಿನ ತೊಟ್ಟಿ. ಅದರೊಳಗೆ ಅಡ್ಡಲಾಗಿ ಒಂದು ಗಾಜಿನ ಕೊಳವೆ, ಅದಕ್ಕೆ ತುತ್ತೂರಿಯಂಥ ಬಾಯಿ. ನೀರು ಅಲುಗಾಡದೆ ನಿಲ್ಲಲಿ ಅಂತ ಗಂಟೆಗಟ್ಟಲೆ ಕಾದು, ಆ ಬಾಯಿಗೆ ಬಣ್ಣದ ನೀರಿನ ಸಣ್ಣ ಎಳೆಯೊಂದನ್ನು ಬಿಟ್ಟರು. ವೇಗ ಕಡಿಮೆ ಇದ್ದಾಗ ಎಳೆ ದಾರ ಎಳೆದಂತೆ ನೆಟ್ಟಗೆ ಸಾಗಿತು. ವೇಗ ಹೆಚ್ಚಿಸುತ್ತಾ ಹೋದಾಗ ಒಂದು ಹಂತದಲ್ಲಿ, ಬಾಯಿಯಿಂದ ಸುಮಾರು ದೂರದಲ್ಲಿ, ಎಳೆ ಇದ್ದಕ್ಕಿದ್ದಂತೆ ಕದಡಿ ಕೊಳವೆಯ ತುಂಬ ಹರಡಿತು. ವಿದ್ಯುತ್ ಕಿಡಿಯ ಕ್ಷಣದ ಬೆಳಕಿನಲ್ಲಿ ನೋಡಿದರೆ, ಆ ಮಸುಕಿನೊಳಗೆ ಸುರುಳಿ ಸುರುಳಿಯಾದ ಸುಳಿಗಳು!

ವೇಗ, ಕೊಳವೆಯ ಅಗಲ, ದ್ರವದ ಸಾಂದ್ರತೆ ಮೂರನ್ನೂ ಗುಣಿಸಿ ಸ್ನಿಗ್ಧತೆಯಿಂದ, ಅಂದರೆ ದ್ರವ ಎಷ್ಟು ಮಂದ ಅನ್ನುವುದರ ಅಳತೆಯಿಂದ, ಭಾಗಿಸಿದರೆ ಸಿಗುವುದೇ ರೆನಾಲ್ಡ್ಸ್ ಸಂಖ್ಯೆ. ಸಾಮಾನ್ಯವಾಗಿ ಇದು 2000 ದಾಟಿದ ಮೇಲೆ ಹರಿವು ಕೆಡುತ್ತದೆ. ಆದರೆ ತುಂಬಾ ಜೋಪಾನ ಮಾಡಿದರೆ 1,00,000ದವರೆಗೂ ನುಣುಪಾಗಿಯೇ ಇರಿಸಬಹುದು. ವಿಚಿತ್ರ ಅಲ್ವಾ? ನೆಟ್ಟನೆಯ ಕೊಳವೆಯಲ್ಲಿ ತೀರಾ ಸಣ್ಣ ಅಲುಗಾಟ ತಾನಾಗಿ ಅಡಗಿಹೋಗುತ್ತದೆ. ಹರಿವು ಕೆಡಬೇಕಾದರೆ ಒಂದು ಮಟ್ಟದ ಏಟು ಬೀಳಲೇಬೇಕು. ವೇಗ ಹೆಚ್ಚಿದಷ್ಟೂ ಸಣ್ಣ ಏಟೂ ಸಾಕಾಗುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಹಾಗಾದರೆ ಒಮ್ಮೆ ಎದ್ದ ಗೊಂದಲ ಉಳಿಯುವುದು ಯಾವಾಗ? ಇದಕ್ಕೆ ಉತ್ತರ ಸಿಕ್ಕಿದ್ದು 2011ರಲ್ಲಿ. 2000ದ ಆಸುಪಾಸಿನಲ್ಲಿ ಕೊಳವೆಯಿಡೀ ಕದಡುವುದಿಲ್ಲ. ನುಣುಪಾದ ನೀರಿನ ನಡುವೆ ಸುಳಿಗಳ ಮುದ್ದೆಗಳು ತೇಲಿ ಸಾಗುತ್ತವೆ. ಪ್ರತಿ ಮುದ್ದೆಗೂ ಎರಡೇ ದಾರಿ: ಸುಮ್ನೆ ಆರಿಹೋಗುವುದು, ಇಲ್ಲವೇ ಒಡೆದು ಎರಡಾಗುವುದು. ಯಾವುದು ಯಾವಾಗ ಆಗುತ್ತದೆ ಅಂತ ಮೊದಲೇ ಹೇಳಲಾಗದು. ಮುದ್ದೆ ಎಷ್ಟು ಹಳೆಯದು ಅನ್ನುವುದೂ ಲೆಕ್ಕಕ್ಕೆ ಬರುವುದಿಲ್ಲ. ರೆನಾಲ್ಡ್ಸ್ ಸಂಖ್ಯೆ ಸುಮಾರು 2040 ಇದ್ದಾಗ ಈ ಸಾವು–ಹುಟ್ಟು ಸರಿಸಮ. ಅದಕ್ಕಿಂತ ಮೇಲೆ ಹುಟ್ಟೇ ಜಾಸ್ತಿ, ಗೊಂದಲ ಹಬ್ಬುತ್ತಲೇ ಹೋಗುತ್ತದೆ.

ಆದರೆ ಆ ಹಂತದಲ್ಲಿ ಒಂದು ಮುದ್ದೆಯ ಹಣೆಬರಹ ತೀರ್ಮಾನವಾಗಲು ಸರಾಸರಿಯಲ್ಲಿ ಅದು ಕೊಳವೆಯ ಅಗಲದ ಕೋಟಿ ಪಟ್ಟಿಗೂ ಹೆಚ್ಚು ದೂರ ಸಾಗಬೇಕು. ಅಂಥ ಕೊಳವೆಯನ್ನು ಕಟ್ಟುವವರು ಯಾರು? ಅದಕ್ಕೇ ಸಂಶೋಧಕರು ಪ್ರಯೋಗಾಲಯದಲ್ಲಿ ಹಿಡಿಸುವಷ್ಟು ಉದ್ದದ ಕೊಳವೆಯಲ್ಲಿ ಮುದ್ದೆಗಳನ್ನು ಒಂದೊಂದಾಗಿ ಎಬ್ಬಿಸಿ, ಆಚೆ ತುದಿಯಲ್ಲಿ ಬಂದದ್ದು ಒಂದೋ, ಎರಡೋ, ಏನೂ ಇಲ್ಲವೋ ಎಂದು ಮತ್ತೆ ಮತ್ತೆ ಎಣಿಸಿದರು.