ಹೊರದೇಶದಲ್ಲಿರುವ ಮಕ್ಕಳ ಹೆಸರಿಗೆ ಗದ್ದೆ ಬರೆಯುವ ಮುನ್ನ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹೊರದೇಶಕ್ಕೆ ಹೋದವರೆಲ್ಲರೂ ‘ಎನ್‌ಆರ್‌ಐ’ಗಳೇ. ದುಬೈಗೆ ದುಡಿಯಲು ಹೋದ ಮಗನನ್ನೂ ಅಮೆರಿಕದ ಪೌರತ್ವ ಪಡೆದು ಅಲ್ಲಿಯೇ ನೆಲೆಸಿದ ಮಗಳನ್ನೂ ಊರು ಒಂದೇ ಹೆಸರಿನಿಂದ ಗುರುತಿಸುತ್ತದೆ. ಆಸ್ತಿ ವ್ಯಾಜ್ಯಗಳನ್ನು ನಡೆಸುವ ವಕೀಲನಾಗಿ ನಾನು ಕಾಣುವ ಹಲವು ತೊಡಕುಗಳು ಇಲ್ಲಿಂದಲೇ ಹುಟ್ಟುತ್ತವೆ.

ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಎಷ್ಟು ವರ್ಷ ಹೊರಗಿದ್ದರೂ ಈ ದೇಶದ ಪ್ರಜೆಗಳೇ ಆಗಿರುತ್ತಾರೆ, ಕಾಯ್ದೆಯ ಲೆಕ್ಕದಲ್ಲಿ ಎನ್‌ಆರ್‌ಐ (ಅನಿವಾಸಿ ಭಾರತೀಯರು) ಎಂದರೆ ಇವರೇ; ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಖುದ್ದಾಗಿ ಮತಗಟ್ಟೆಗೆ ಬಂದು ಮತ ಹಾಕಬಹುದು. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತದ ಪ್ರಜೆಗಳಾಗಿ ಉಳಿಯುವುದಿಲ್ಲ. ಅವರ ಕೈಯಲ್ಲಿರುವ ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಆಜೀವ ವೀಸಾ ನೀಡುತ್ತದೆಯೇ ಹೊರತು ಮತದ ಹಕ್ಕನ್ನಲ್ಲ.

ಕೃಷಿ ಭೂಮಿಯ ಮಾತು ಬಂದಾಗ ಮಾತ್ರ ಇಬ್ಬರಿಗೂ ಒಂದೇ ನಿರ್ಬಂಧ. ಕೃಷಿ ಜಮೀನು ಯಾರು ಕೊಳ್ಳಬಹುದೆಂಬುದಕ್ಕೆ ಮಿತಿ ಹಾಕಿದ್ದ, ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿದ ಮೇಲೆ, ಯಾರು ಬೇಕಾದರೂ ಜಮೀನು ಕೊಳ್ಳಬಹುದೆಂಬ ನಂಬಿಕೆ ಬೆಳೆದಿದೆ. ಆದರೆ ವಿದೇಶಿ ವಿನಿಮಯದ ನಿಯಮಗಳು ಕೇಂದ್ರದವು, ಅವು ಬದಲಾಗಿಲ್ಲ. ಎನ್‌ಆರ್‌ಐ ಆಗಲಿ ಒಸಿಐ ಆಗಲಿ ಕೃಷಿ ಜಮೀನನ್ನು ಕ್ರಯಕ್ಕೂ ದಾನವಾಗಿಯೂ ಪಡೆಯುವಂತಿಲ್ಲ, ಉತ್ತರಾಧಿಕಾರದಿಂದ ಪಡೆಯಬಹುದು. ಆದ್ದರಿಂದ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಗದ್ದೆಯನ್ನು ತಂದೆ ಇಂದು ಮಗನಿಗೆ ದಾನಪತ್ರ ಮಾಡಿಕೊಟ್ಟರೆ ಅದು ನಿಯಮಭಂಗ. ಅದೇ ಗದ್ದೆ ವಿಲ್ ಮೂಲಕ ತಂದೆಯ ಕಾಲಾನಂತರ ಬಂದರೆ ಸಕ್ರಮ.

ನಾಟಿ, ಕಟಾವು ಕಂಡು ಬೆಳೆದ, ಇಂದಿಗೂ ಈ ದೇಶದ ಪ್ರಜೆಯಾಗಿರುವ ಮಗ ಗಲ್ಫ್‌ನಲ್ಲಿ ಬೆವರು ಸುರಿಸಿದ ಹಣದಿಂದ ತನ್ನ ಗದ್ದೆಯ ಬದುವಿಗೆ ಹೊಂದಿದ ಅರ್ಧ ಎಕರೆಯನ್ನೂ ಕೊಳ್ಳಲಾಗದಿರುವುದು ನನಗೆ ನ್ಯಾಯವೆನಿಸುವುದಿಲ್ಲ. ಕಾಯ್ದೆ ಆತನನ್ನು ಪೌರತ್ವ ಬಿಟ್ಟವರಿಂದ ಬೇರೆಯಾಗಿ ಕಾಣಬೇಕಿತ್ತು. ಹಾಗೆ ಕಾಣದ ಕಾರಣ ಬಹಳಷ್ಟು ಮಂದಿ ಊರಲ್ಲಿರುವ ಅಣ್ಣನ ಹೆಸರಿಗೆ ಕ್ರಯ ಮಾಡಿಸುತ್ತಾರೆ. ಪಹಣಿಯಲ್ಲಿ ಅಣ್ಣನ ಹೆಸರು ಕೂರುತ್ತದೆ, ವರ್ಷಗಳು ಕಳೆದ ಮೇಲೆ ಅಣ್ಣನ ಮಕ್ಕಳು ಹಕ್ಕು ಸಾಧಿಸುತ್ತಾರೆ. ಹಣ ತನ್ನದೆಂದು ತೋರಿಸಲು ಬ್ಯಾಂಕ್ ದಾಖಲೆಗಳಿದ್ದರೂ ತಮ್ಮನಿಗೆ ದಾವೆ ಹೂಡುವುದು ಕಷ್ಟ, ಏಕೆಂದರೆ 1988ರ ಬೇನಾಮಿ ಕಾಯ್ದೆಯ 4ನೇ ಕಲಮು ಅಂಥ ದಾವೆಗಳನ್ನೇ ತಡೆಯುತ್ತದೆ. ಅಣ್ಣತಮ್ಮಂದಿರಿಗೆ ಕಾಯ್ದೆಯಲ್ಲಿರುವ ವಿನಾಯಿತಿ, ಇಬ್ಬರ ಹೆಸರೂ ಕ್ರಯಪತ್ರದಲ್ಲಿ ಜಂಟಿಯಾಗಿದ್ದರೆ ಮಾತ್ರ ದೊರೆಯುವಂಥದ್ದು; ಇಲ್ಲಿ ತಮ್ಮನ ಹೆಸರು ಸೇರಿಸಲು ಬರುವುದೇ ಇಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ತಪ್ಪು ಇನ್ನೊಂದು ದಿಕ್ಕಿನದು. ಪರದೇಶದ ಪ್ರಜೆಯಾದ ಮಗಳಿಗೆ ಪಾಲಿಲ್ಲವೆಂದು ಕುಟುಂಬಗಳು ನಿರ್ಧರಿಸಿಬಿಡುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಆಕೆಗೆ ಮಗನಷ್ಟೇ ಹಕ್ಕು ಕೊಟ್ಟಿದೆ, ಪಾಸ್‌ಪೋರ್ಟ್ ಬದಲಾದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಪತ್ರ ಬರೆಸುವ ಮುನ್ನ ಮಕ್ಕಳ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ್ದೇ ಆಗಿದ್ದು, ಅವರು ಇಲ್ಲಿಯೇ ನೆಲೆಸಲು ಮರಳಿ ನಿವಾಸಿಗಳಾದರೆ, ಆ ಅರ್ಧ ಎಕರೆಯನ್ನು ಆಗ ತಮ್ಮ ಹೆಸರಿಗೇ ಕೊಳ್ಳಬಹುದು.