ಕತ್ತಲೆಕಾನಿನ ಗೇರು: ಗಂಡೋ ಹೆಣ್ಣೋ?

ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತುವ ಬಸ್ಸು ಮಾವಿನಗುಂಡಿ ತಲುಪುವ ಮುನ್ನ ಕತ್ತಲೆಕಾನಿನ ಮೂಲಕ ಹಾದುಹೋಗುತ್ತದೆ. ಪ್ರಯಾಣಿಕರಲ್ಲಿ ಅರ್ಧ ಮಂದಿ ಆಗ ನಿದ್ದೆಯಲ್ಲಿರುತ್ತಾರೆ, ಉಳಿದವರು ಜೋಗದ ಧ್ಯಾನದಲ್ಲಿ. ರಸ್ತೆ ಬಿಟ್ಟು ಹಳ್ಳದ ಗುಂಟ ಒಳಗೆ ನಡೆದರೆ ನೆಲ ಮೆತ್ತಗಾಗುತ್ತಾ ಹೋಗುತ್ತದೆ. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದು. ಮಡಿಸಿದ ಮೊಣಕಾಲಿನಂಥ ಬೇರುಗಳು ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗೇ ಇಳಿದಿರುತ್ತವೆ. ಕೆಸರಿನೊಳಗೆ ಗಾಳಿಯಿಲ್ಲ, ಮರ ಉಸಿರಾಡಲು ಕಂಡುಕೊಂಡ ಉಪಾಯ ಅದು. ಇಲ್ಲಿನವರು ಇಂಥ ಜೌಗು ಜಾಗವನ್ನು, ಅಲ್ಲಿ ಬೆಳೆಯುವ ಜಾಯಿಕಾಯಿ ಬಳಗದ ಮರದ ಹೆಸರು ಹಿಡಿದು, ರಾಮಪತ್ರೆ ಜಡ್ಡಿ ಎನ್ನುತ್ತಾರೆ.

ಸಿದ್ದಾಪುರ ತಾಲ್ಲೂಕಿನ ಈ ಜಡ್ಡಿಯಲ್ಲಿದ್ದ ಒಂದು ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಅವರು 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಲ್ಯಾಟಿನ್ ವೇಷ ತೊಟ್ಟರೂ ಕನ್ನಡದ ಕತ್ತಲು ಅದರೊಳಗೆ ಹಾಗೇ ಉಳಿದಿದೆ ಎಂಬುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ. ಕುಲದಿಂದ ಇದು ಗೇರು. ಕರಾವಳಿಯವರಿಗೆ ಗೇರು ಎಂದರೆ ಗೋಡಂಬಿ. ನಾನು ಹೇಳುತ್ತಿರುವುದು ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡುಗೇರಿನ ಬಳಗ. ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಹಾಗಾಗಿ ನಾವು ಕಾಯಿ ಮುಟ್ಟುವ ಮೊದಲು ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಕಾಲಿಗೆ ಇಂಬಳ ಹತ್ತದಂತೆ ಸುಣ್ಣ, ಹೊಗೆಸೊಪ್ಪು. ಇಷ್ಟೆಲ್ಲ ಲೇಪಿಸಿಕೊಂಡು ಹೊರಟರೆ ಸಂಶೋಧಕನಿಗಿಂತ ಮದುಮಗನ ಹಾಗೆ ಕಾಣುತ್ತೇನೆ ಎಂದು ನನ್ನ ಜೊತೆಗಾರ ನಗುತ್ತಾನೆ.

ಈ ಅಪರೂಪದ ಮರದ ಬಗ್ಗೆ ಎಲ್ಲಾದರೂ ಭಾಷಣ ಮಾಡಿದರೆ, ಮುಗಿದ ಕೂಡಲೇ ಜನ ನನ್ನನ್ನು ಕೇಳುವ ಮೊದಲ ಪ್ರಶ್ನೆ: ಎಷ್ಟು ಮರ ಉಳಿದಿವೆ? ಈ ಪ್ರಶ್ನೆ ಬಂದಾಗಲೆಲ್ಲ ತಡವರಿಸುತ್ತೇನೆ. ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಒಂದು ಜಡ್ಡಿಯಲ್ಲಿ ಹತ್ತು ಮರಗಳಿದ್ದು ಹತ್ತೂ ಗಂಡಾಗಿದ್ದರೆ, ಲೆಕ್ಕದ ಪುಸ್ತಕದಲ್ಲಿ ಹತ್ತು ಎಂದು ಬರೆಯಬಹುದು. ಮುಂದಿನ ಪೀಳಿಗೆಯ ಲೆಕ್ಕದಲ್ಲಿ ಅದು ಸೊನ್ನೆ. ತೊಗಟೆ ನೋಡಿ, ಎಲೆ ನೋಡಿ ಲಿಂಗ ಹೇಳಲಾಗದು. ಹೂ ಬಿಡುವವರೆಗೂ ಕಾಯಬೇಕು. ಬಿಟ್ಟ ಹೂವೂ ಸಣ್ಣದು, ಇರುವುದು ಮರದ ತುದಿಯಲ್ಲಿ. ದುರ್ಬೀನು ಹಿಡಿದು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ, ಕೊನೆಗೆ ನೆಲಕ್ಕೆ ಉದುರಿದ ಹೂಗಳನ್ನು ಕೆಸರಿನಿಂದ ಹೆಕ್ಕಿ ಭೂತಕನ್ನಡಿಯಡಿ ಇಟ್ಟಾಗಲೇ ಖಾತ್ರಿ. ಮರಕ್ಕೆ ಹೊಡೆದ ಅಲ್ಯುಮಿನಿಯಂ ಬಿಲ್ಲೆಯ ಸಂಖ್ಯೆಯ ಮುಂದೆ 'ಹೆಣ್ಣು' ಎಂದು ಬರೆಯುವ ದಿನ ನಮ್ಮ ಗುಂಪಿನಲ್ಲಿ ಒಂದು ಸುತ್ತು ಚಹಾ ಹೆಚ್ಚು.

ಎರಡನೆಯ ಪ್ರಶ್ನೆ, ಬೀಜ ತಂದು ಬ್ಯಾಂಕಿನಲ್ಲಿ ಇಡಬಾರದೇ ಎಂಬುದು. ಭತ್ತ, ರಾಗಿಯ ಬೀಜವನ್ನು ಒಣಗಿಸಿ, ತಣ್ಣಗೆ ಇಟ್ಟರೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಜಡ್ಡಿಯ ಮರಗಳ ಬೀಜಕ್ಕೆ ಆ ಗುಣವಿಲ್ಲ. ವರ್ಷವಿಡೀ ಒದ್ದೆಯಿರುವ ನೆಲದಲ್ಲಿ ಬೆಳೆದ ಮರಕ್ಕೆ ಕಾಯುವ ಬೀಜ ಯಾಕೆ ಬೇಕಿತ್ತು? ಒಣಗಿಸಿದರೆ ಸತ್ತೇಹೋಗುತ್ತದೆ. ಹೆಕ್ಕಿದ ಬೀಜವನ್ನು ಒದ್ದೆ ಪಾಚಿಯಲ್ಲೋ ಹಸಿ ಮಣ್ಣಿನಲ್ಲೋ ಸುತ್ತಿಕೊಂಡು ಆದಷ್ಟು ಬೇಗ ನರ್ಸರಿ ಮುಟ್ಟಿಸಬೇಕು. ನಾನು ಮೊದಲ ವರ್ಷ ಬುದ್ಧಿವಂತಿಕೆ ತೋರಿಸಲು ಹೋಗಿ, ಬೂಸ್ಟು ಬರದಿರಲಿ ಎಂದು ಬೀಜಗಳನ್ನು ಕಾಗದದ ಮೇಲೆ ಹರಡಿ ನೆರಳಲ್ಲಿ ಆರಿಸಿದ್ದೆ. ಒಂದೂ ಮೊಳೆಯಲಿಲ್ಲ. ಒಂದು ಇಡೀ ಹಂಗಾಮು ಕೈತಪ್ಪಿತು.

ಹಾಗಾಗಿ ಈ ಮರದ ಮಟ್ಟಿಗೆ ಬೀಜದ ಬ್ಯಾಂಕು ಎಂದರೆ ಜಡ್ಡಿಯೇ. ಜಡ್ಡಿಗೆ ಬರುವ ಅಪಾಯವೋ ಮೆಲ್ಲಗೆ, ಸದ್ದಿಲ್ಲದೆ ಬರುತ್ತದೆ. ಬೆಟ್ಟದ ಬುಡದ ಸಮತಟ್ಟು ನೆಲ, ಬೇಸಿಗೆಯಲ್ಲೂ ಬತ್ತದ ನೀರು. ಅಡಿಕೆ ತೋಟಕ್ಕೂ ಗದ್ದೆಗೂ ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ತಲೆಮಾರುಗಳಿಂದ ಎಷ್ಟೋ ಜಡ್ಡಿಗಳು ಹಾಗೆಯೇ ತೋಟವಾದವು. ಅದಕ್ಕೆ ಯಾರನ್ನೂ ದೂರುವ ಮನಸ್ಸು ನನಗಿಲ್ಲ. ನಮ್ಮಜ್ಜನ ತೋಟವೂ ಬಹುಶಃ ಅಂಥದೇ ನೆಲ. ಈಗ ಮರ ಕಡಿಯುವವರು ಕಡಿಮೆ. ಮೇಲ್ಗಡೆಯಲ್ಲಿ ಒಂದು ಕಾಲುವೆ ತೋಡಿದರೆ, ಒರತೆಗೆ ಒಂದು ಪೈಪು ಇಳಿಸಿದರೆ ಸಾಕು, ಕೆಳಗಿನ ಜಡ್ಡಿ ಮಾರ್ಚ್ ತಿಂಗಳಲ್ಲಿ ಬಿರಿಯತೊಡಗುತ್ತದೆ. ದೊಡ್ಡ ಮರಗಳು ವರ್ಷಗಟ್ಟಲೆ ಹಸಿರಾಗಿಯೇ ನಿಂತಿರುತ್ತವೆ. ಸಾಯುವುದು ಅವುಗಳ ಕೆಳಗಿನ ಗೇಣುದ್ದದ ಸಸಿಗಳು. ಮರ ಎಣಿಸುವವರಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ನಾನು ಯಾವ ಜಡ್ಡಿಗೆ ಹೋದರೂ ಮೊದಲು ಕಣ್ಣು ಹಾಯಿಸುವುದು ನೆಲದ ಮೇಲೆ. ಮಕ್ಕಳು ಮರಿ ಇವೆಯೇ ಎಂದು ನೋಡಿಕೊಂಡ ಮೇಲೆ ಉಳಿದ ಮಾತು.

ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಈ ಗೇರಿನ ಸಸಿ ಬೆಳೆಸಿ ಜೌಗು ನೆಲಗಳಿಗೆ ಮರಳಿಸುವ ಕೆಲಸ ಮಾಡಿದ್ದಾರೆ. ಸಿಂಗಳೀಕಕ್ಕಾಗಿ 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಂರಕ್ಷಣಾ ಮೀಸಲು ಪ್ರದೇಶದಿಂದ ಜಡ್ಡಿಗಳಿಗೂ ಆಸರೆ ಸಿಕ್ಕಿತು. ಆದರೆ ಒರತೆಗಳು ಸರ್ಕಾರದ ಗಡಿಗೆರೆ ನೋಡಿ ಹುಟ್ಟುವುದಿಲ್ಲ. ಹಲವು ಜಡ್ಡಿಗಳ ನೀರಿನ ತಲೆ ಊರಿನವರ ಬೆಟ್ಟದಲ್ಲೇ ಇದೆ. ಅಲ್ಲಿ ಕೆಲಸ ಆಗಬೇಕಾದರೆ ಜಗಲಿಯ ಮೇಲೆ ಕುಳಿತು ಕವಳ ಹಾಕಿಕೊಂಡೇ ಮಾತಾಡಬೇಕು. ನೀರನ್ನು ಜಡ್ಡಿಯ ಮೇಲೆ ತಡೆಯದೆ ಅದರ ಕೆಳಗಿನಿಂದ ತೆಗೆದುಕೊಳ್ಳಿ ಎಂದು ಒಂದು ಮನೆಯವರನ್ನು ಒಪ್ಪಿಸಲು ನನಗೆ ಮೂರು ಬೇಸಿಗೆ ಹಿಡಿಯಿತು. ಪೈಪಿನ ಉದ್ದ ಹೆಚ್ಚಾಗಲಿಲ್ಲ, ಕಡಿಮೆಯೇ ಆಯಿತು. ಅದನ್ನು ಮೊದಲ ಬೇಸಿಗೆಯಲ್ಲೇ ಅಳೆದು ತೋರಿಸಿದ್ದರೆ ಆಗುತ್ತಿತ್ತೋ ಏನೋ.

ಆ ಮನೆಯ ಅಜ್ಜಿ ತೋಟದಂಚಿನ ಹಳ್ಳದಲ್ಲಿ ನಾವು ಕೊಟ್ಟ ಐದು ಸಸಿ ನೆಡಿಸಿದರು. ಎರಡು ಹೋದವು, ಮೂರು ನನ್ನ ಎದೆಯೆತ್ತರಕ್ಕೆ ಬಂದಿವೆ. ಪ್ರತಿ ಸಲ ಹೋದಾಗಲೂ ಮಜ್ಜಿಗೆ ಕೈಗಿತ್ತು ಅವರು ಕೇಳುವುದು ಒಂದೇ: "ಎಂತ ತಮ್ಮ, ಗಂಡೋ ಹೆಣ್ಣೋ?" ಇನ್ನೂ ತಿಳಿಯುವುದಿಲ್ಲ ಎನ್ನುತ್ತೇನೆ. "ಇಷ್ಟು ಓದಿದವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ" ಎಂದು ನಕ್ಕು, ಮತ್ತೊಂದು ಲೋಟ ಸುರಿಯುತ್ತಾರೆ.